ತೋಟಕ್ಕೆ ಕಳಿಸಿದ ನಾಯಿ

ಬುಖಾನ್ ಬೆಟ್ಟದ ನಾಯಿಗಳು ಆ ವರ್ಷ ಮೂರನೆಯ ಸಲ ಸುದ್ದಿಯಾದದ್ದು ಬೆಕ್ಕುಗಳಿಂದ. ಕಣಿವೆಯ ತಲೆಯಲ್ಲಿರುವ ಪುಟ್ಟ ಬೌದ್ಧ ಗುಡಿಯ ಸನ್ಯಾಸಿನಿ ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದರೆ ಅಂಗಳದ ತುಂಬ ಬೆಕ್ಕುಗಳು ಬಿದ್ದಿದ್ದವು. ಒಂಬತ್ತು. ಒಂದನ್ನೂ ತಿಂದಿರಲಿಲ್ಲ. ಒಂದೊಂದನ್ನೂ ಕುತ್ತಿಗೆ ಹಿಡಿದು ಒದರಿ, ಬೆನ್ನು ಮುರಿದು, ಬೇಡವಾದ ಬಟ್ಟೆಯ ಹಾಗೆ ಎಸೆದು ಹೋಗಿದ್ದವು. ಗೋಡೆಯ ಮೇಲೆ ಒಂದಾಳೆತ್ತರಕ್ಕೆ ರಕ್ತ ಚಿಮ್ಮಿತ್ತು. ಅದಕ್ಕೆ ಮೊದಲು ಬೇಸಿಗೆಯಲ್ಲಿ ಇಬ್ಬರು ಚಾರಣಿಗರನ್ನು ಕಚ್ಚಿದ್ದವು. ಅವರಲ್ಲಿ ಒಬ್ಬನ ಮೀನಖಂಡ ಅರ್ಧ ಹೋಗಿತ್ತು.

ಮರುವಾರ ಬೆಟ್ಟದ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಭಿತ್ತಿಪತ್ರ ಅಂಟಿಸಿದರು. ಎಲ್ಲೋ ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಹಿಡಿದ ಚಿತ್ರ. ಮುಂದೆ ಒಂದು ಕರಿಯ ನಾಯಿ, ಅದರ ಹಿಂದೆ ಹಳದಿ ನಾಯಿ, ಅದರ ಹಿಂದೆ ಮಸುಕು ಮಸುಕಾಗಿ ಇನ್ನೂ ನಾಲ್ಕು. ಹಳದಿ ನಾಯಿಯ ಎಡಕಿವಿ ಅರ್ಧ ಇಲ್ಲ. ಆಹಾರ ಹಾಕಬೇಡಿ, ಹತ್ತಿರ ಹೋಗಬೇಡಿ, ಕಂಡರೆ ಫೋನ್ ಮಾಡಿ ಎಂದು ಕೆಳಗೆ ಬರೆದಿತ್ತು.

ದೊ ಮನ್‌ಸಿಕ್ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಅರವತ್ತೇಳು ವರ್ಷದ, ಬಡಾವಣೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಆ ಕಿವಿ ಅವನಿಗೆ ಚೆನ್ನಾಗಿ ಗೊತ್ತು. ತಾನು ಸಾಕಿದ ಆ ನಾಯಿಗೆ ಒಂದು ವರ್ಷವಾಗಿದ್ದಾಗ ಪಕ್ಕದ ಮನೆಯ ದೊಡ್ಡ ನಾಯಿ ಕಿವಿಯನ್ನು ಹರಿದುಹಾಕಿತ್ತು. ಗಾಯಕ್ಕೆ ಔಷಧಿ ಹಚ್ಚಿದ್ದು ಇವನ ಕೈಯೇ. ಅದರ ಹೆಸರು ಮಾಂಗ್‌ಚಿ, ಅಂದರೆ ಸುತ್ತಿಗೆ. ಮರಿಯಾಗಿದ್ದಾಗ ಸಿಕ್ಕಿದ ಬಾಗಿಲಿಗೆಲ್ಲ ತಲೆ ಕುಟ್ಟುತ್ತಿತ್ತೆಂದು ಅವನ ಹೆಂಡತಿ ಯಾಂಗ್‌ಸುನ್ ಇಟ್ಟ ಹೆಸರು.

ಯಾಂಗ್‌ಸುನ್‌ಳ ಲೆಕ್ಕದಲ್ಲಿ ಮಾಂಗ್‌ಚಿ ಬೆಟ್ಟದಲ್ಲಿ ಇರಲಿಲ್ಲ. ನೂರಿಪ್ಪತ್ತು ಕಿಲೋಮೀಟರ್ ಆಚೆ ಗ್ವೆಸಾನಿನಲ್ಲಿ, ಮನ್‌ಸಿಕ್‌ನ ದಾಯಾದಿಯ ಸೇಬಿನ ತೋಟದಲ್ಲಿ, ಮರದ ನೆರಳಿನಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು.

ಎರಡೂವರೆ ವರ್ಷದ ಹಿಂದೆ ಬೆಟ್ಟದ ಬುಡದ ಕೇರಿಗಳನ್ನೆಲ್ಲ ಕೆಡವಿ ಬಹುಮಹಡಿ ಕಟ್ಟಿದಾಗ, ಅಂಗಳದ ಮನೆ ಬಿಟ್ಟುಕೊಟ್ಟವರಿಗೆಲ್ಲ ಮೇಲೆ ಒಂದೊಂದು ಮನೆ ಸಿಕ್ಕಿತು. ಇವರಿಗೆ ಸಿಕ್ಕಿದ್ದು ಹದಿನಾಲ್ಕನೆಯ ಮಹಡಿ. ಅಲ್ಲಿ ಅಂಗಳವಿಲ್ಲ, ದೊಡ್ಡ ನಾಯಿಗೆ ಅಪ್ಪಣೆಯಿಲ್ಲ. ನಾಯಿ ಕೊಳ್ಳುವವನ ಲಾರಿ ದಿನಕ್ಕೆರಡು ಸಲ ಧ್ವನಿವರ್ಧಕದಲ್ಲಿ ಕೂಗುತ್ತ ಬೀದಿ ಸುತ್ತುತ್ತಿತ್ತು. ಮಾಂಸಕ್ಕೆ. ಆ ಲಾರಿಗೆ ಕೊಟ್ಟರೆ ನನ್ನ ಹೆಣ ನೋಡ್ತೀರಿ ಅಂದಿದ್ದಳು ಯಾಂಗ್‌ಸುನ್. ಮನ್‌ಸಿಕ್ ದಾಯಾದಿಗೆ ಫೋನ್ ಮಾಡಿದ್ದು ನಿಜ. ನನ್ನ ಹತ್ತಿರವೇ ಮೂರಿವೆ ಮಾರಾಯ, ನಾಲ್ಕನೆಯದನ್ನು ಎಲ್ಲಿ ಕಟ್ಟಲಿ ಎಂದು ಅವನು ಹೇಳಿದ್ದೂ ನಿಜ. ಆ ಎರಡನೆಯ ನಿಜವನ್ನು ಹೆಂಡತಿಗೆ ಹೇಳಲು ಮನ್‌ಸಿಕ್‌ಗೆ ಬಾಯಿ ಬರಲಿಲ್ಲ. ಒಪ್ಪಿಕೊಂಡ ಎಂದುಬಿಟ್ಟ. ನಾಯಿಯನ್ನು ಬಸ್ಸಿಗೆ ಹತ್ತಿಸುತ್ತೇನೆಂದು ಹೊರಟು ಬೆಟ್ಟಕ್ಕೆ ಹತ್ತಿಸಿದ. ಕಣಿವೆಯ ಚಪ್ಪಟೆ ಬಂಡೆಯ ಮೇಲೆ ಎಲುಬಿನ ಸಾರು ಕಲಸಿದ ಅನ್ನ ಇಟ್ಟು, ಅದು ತಿನ್ನುತ್ತಿರುವಾಗ ಹಗ್ಗ ಬಿಚ್ಚಿ, ತಿರುಗಿ ನೋಡದೆ ಇಳಿದ. ಕೊರಳಪಟ್ಟಿ ಬಿಚ್ಚಲಿಲ್ಲ. ಪಟ್ಟಿ ಇದ್ದರೆ ಮನೆಯ ನಾಯಿ ಅಂತ ಯಾರಾದರೂ ಕನಿಕರಪಟ್ಟಾರು ಎಂದುಕೊಂಡ.

ಅವನೊಬ್ಬನೇ ಅಲ್ಲ, ಆ ತಿಂಗಳು ಕೇರಿಯ ಅರ್ಧ ಜನ ಹಾಗೆ ಮಾಡಿದರು. ಲಾರಿಗೆ ಕೊಡುವುದಕ್ಕಿಂತ ಇದು ಪುಣ್ಯ, ಬೆಟ್ಟ ಸಾಕುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಬೆಟ್ಟ ಸಾಕಿತು. ಹೇಗೆ ಸಾಕಿತು ಎಂಬುದನ್ನು ಆ ಬೆಕ್ಕುಗಳನ್ನು ಕೇಳಬೇಕು.

ಇಷ್ಟಕ್ಕೇ ಮುಗಿದಿದ್ದರೆ ಮನ್‌ಸಿಕ್ ಎಲ್ಲರಂತೆ ಮರೆತು ಹಾಯಾಗಿರುತ್ತಿದ್ದ. ಯಾಂಗ್‌ಸುನ್ ಬಿಡಬೇಕಲ್ಲ. ಮಾರುಕಟ್ಟೆಯಲ್ಲಿ ಅವಳದೊಂದು ಒಣಮೀನಿನ ಸಾರಿನ ಅಂಗಡಿ. ಸಾರಿಗೆ ಮೈ ಹೋದಮೇಲೆ ಉಳಿಯುವ ಮೀನಿನ ತಲೆಗಳನ್ನು ತಿಂಗಳಿಡೀ ಕೂಡಿಟ್ಟು, ಚೀಲ ಕಟ್ಟಿ, ಮಾಂಗ್‌ಚಿಗೆ ಅಂಚೆಯಲ್ಲಿ ಕಳಿಸಿ ಎಂದು ಗಂಡನ ಕೈಗೆ ಕೊಡುವಳು. ಅವನು ಆ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುವನು. ಚಪ್ಪಟೆ ಬಂಡೆಯ ಮೇಲೆ ಸುರಿದು ಶಿಳ್ಳೆ ಹಾಕಿದರೆ ಮಾಂಗ್‌ಚಿ ಪೊದೆಯಿಂದ ಹೊರಬರುತ್ತಿತ್ತು. ಮೊದಲು ಒಂದೇ, ಆಮೇಲೆ ಅದರ ಹಿಂದೆ ಇನ್ನೊಂದು, ಕೊನೆಗೆ ಆರು. ಮನುಷ್ಯರ ದಾರಿಯ ಪಕ್ಕದಲ್ಲೇ ಆ ಗುಂಪು ಬೀಡುಬಿಟ್ಟದ್ದು ಈ ಮೀನಿನ ತಲೆಗಳಿಗಾಗಿ ಎಂಬುದು ಭಿತ್ತಿಪತ್ರ ಅಂಟಿಸಿದವರಿಗೆ ಗೊತ್ತಿರಲಿಲ್ಲ. ಮನ್‌ಸಿಕ್‌ಗೆ ಗೊತ್ತಿತ್ತು. ಭಿತ್ತಿಪತ್ರ ಬಂದಮೇಲೆ ಹೆದರಿ ಹೋಗುವುದನ್ನೇ ನಿಲ್ಲಿಸಿದ. ಆ ತಿಂಗಳ ಚೀಲವನ್ನು ಬಸ್ ನಿಲ್ದಾಣದ ಕಸದ ತೊಟ್ಟಿಗೆ ಹಾಕಿದ. ಐದು ವಾರ ನಾಯಿಗಳಿಗೆ ಬಂಡೆಯ ಮೇಲೆ ಏನೂ ಸಿಗಲಿಲ್ಲ.

ಅಷ್ಟರಲ್ಲಿ ಅವನ ತಾಯಿಯ ತಿಥಿ ಬಂತು.

ಮುದುಕಿಗೆ ಮುಕ್ ಎಂದರೆ ಪ್ರಾಣ. ಓಕ್ ಕಾಯಿಯನ್ನು ಕುಟ್ಟಿ, ಒಗರು ಹೋಗುವ ತನಕ ನೀರು ಬದಲಿಸಿ, ಹಿಟ್ಟು ಕಾಯಿಸಿ, ಹೆಪ್ಪುಗಟ್ಟಿಸಿ ಕತ್ತರಿಸುವ ಕಂದು ಬಿಲ್ಲೆಗಳು. ತಿಥಿಯ ಎಡೆಯಲ್ಲಿ ಅದಿರಲೇಬೇಕು. ಪ್ಯಾಕೆಟ್ ಹಿಟ್ಟು ತರುತ್ತೇನೆಂದ ಮನ್‌ಸಿಕ್. ಯಾಂಗ್‌ಸುನ್ ಕೇಳಲಿಲ್ಲ.

"ಪ್ಯಾಕೆಟ್ಟಿಂದು ಚೀನಾದ್ದು ಅಂತ ನಿಮ್ಮಮ್ಮ ವಾಸನೇಲೇ ಕಂಡುಹಿಡೀತಾರೆ. ಬದುಕಿದ್ದಾಗ ನನ್ನ ಮುಕ್‌ನಲ್ಲಿ ಹುಳುಕು ಹುಡುಕಿದ್ದು ಸಾಲದೇ, ಸತ್ತಮೇಲೂ ಮಾತು ಕೇಳಿಸ್ಕೋಬೇಕಾ ನಾನು?"

ಬೆಟ್ಟದಲ್ಲಿ ಓಕ್ ಕಾಯಿ ಆಯುವಂತಿಲ್ಲ, ಅದು ಅಳಿಲಿನ ಅನ್ನ, ಸಿಕ್ಕಿಬಿದ್ದರೆ ದಂಡ ಎಂದ. ಪ್ರತಿ ವರ್ಷ ನಾನು ಆಯ್ದು ತರ್ತಿಲ್ಲವೇ ಎಂದಳು. ಅವಳ ಉಪಾಯವೊಂದಿತ್ತು. ಕಣಕಾಲಿಗೆ ಲಾಡಿ ಬಿಗಿಯುವ ದೊಗಲೆ ಷರಾಯಿ ತೊಟ್ಟು, ಕಾಯಿಯನ್ನೆಲ್ಲ ಸೊಂಟದಿಂದ ಒಳಗೆ ಸುರಿದುಕೊಂಡು, ಬಾಗಿಲಿನ ಕಾವಲುಗಾರನಿಗೆ ಬಗ್ಗಿ ನಮಸ್ಕಾರ ಮಾಡಿ ಬಾತುಕೋಳಿಯ ಹಾಗೆ ಇಳಿದು ಬರುವಳು. ಮೊಣಕಾಲು ನೋವು ನಿನಗೆ ಎಂದ. ಮೊಣಕಾಲಿಗೆ ಒಳ್ಳೇದು ಅಂತಲೇ ಅಲ್ವಾ ಮುಕ್ ತಿನ್ನೋದು ಎಂದಳು. ಕೊನೆಗೆ ನಾಯಿಗಳ ಸುದ್ದಿ ತೆಗೆದ. ಅವಳು ನಕ್ಕುಬಿಟ್ಟಳು.

"ನಾಯಿಗೆ ಹೆದರೋಕೆ ನಾನೇನು ಬೆಕ್ಕಾ?"

ಹಾಗಾದರೆ ನಾನೂ ಬರುತ್ತೇನೆ ಎಂದ ಮನ್‌ಸಿಕ್. ಹೆಂಡತಿಯ ಮೇಲಿನ ಪ್ರೀತಿ ಎಂದು ಅವಳು ತಿಳಿದುಕೊಂಡಳು. ಸ್ವಲ್ಪ ಖುಷಿಯೂ ಆಯಿತು ಅವಳಿಗೆ. ಆದರೆ ಮನ್‌ಸಿಕ್‌ನ ತಲೆಯಲ್ಲಿದ್ದದ್ದು ಬೇರೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಸೋಮಾರಿ ಅಂದಿದ್ದಾಳೆ, ಜಿಪುಣ ಅಂದಿದ್ದಾಳೆ, ಸುಳ್ಳುಗಾರ ಅಂತ ಒಂದು ದಿನವೂ ಅಂದಿರಲಿಲ್ಲ. ಬೆಟ್ಟದಲ್ಲಿ ಆ ಅರ್ಧ ಕಿವಿಯ ನಾಯಿಯನ್ನು ಕಂಡರೆ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾಳೆ. ಮೀನಿನ ತಲೆಗಳು, ಅಂಚೆ, ಸೇಬಿನ ತೋಟ, ಎಲ್ಲ ಒಟ್ಟಿಗೆ ಕುಸಿದು ಅವನ ತಲೆಯ ಮೇಲೆ ಬೀಳುತ್ತದೆ. ಅದು ಆಗಕೂಡದು. ಅವಳು ನೋಡುವ ಮೊದಲು ನಾಯಿಯನ್ನು ಓಡಿಸಬೇಕು. ಓಡದಿದ್ದರೆ ಕೊಲ್ಲಬೇಕು. ಬಚ್ಚಲ ಮೂಲೆಯಲ್ಲಿದ್ದ ಹಳೆಯ ದೊಣ್ಣೆ ತೆಗೆದ. ಗಟ್ಟಿ ಮರ, ತುದಿಗೆ ಕಬ್ಬಿಣದ ಬಳೆ. ಒಮ್ಮೆ ಕೈಯಲ್ಲಿ ತೂಗಿ ನೋಡಿದ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊರಟರು. ಬೆಟ್ಟದ ಬಾಗಿಲಲ್ಲಿ ಎಂದಿನ ಹಾಗೆ ಜಾತ್ರೆ. ಎವರೆಸ್ಟಿಗೆ ಹೊರಟವರಂತೆ ಕೆಂಪು, ಹಸಿರು, ನೇರಳೆ ಉಡುಪು ತೊಟ್ಟ ಮುದುಕ ಮುದುಕಿಯರು, ಎದೆಗೆ ನೇತುಹಾಕಿಕೊಂಡ ರೇಡಿಯೋದಲ್ಲಿ ಹಳೆಯ ಹಾಡು, ಚೀಲದಲ್ಲಿ ಸಿಪ್ಪೆ ತೆಗೆದ ಸೌತೆಕಾಯಿ, ಅಕ್ಕಿ ಹೆಂಡದ ಬಾಟಲಿ. ಮನ್‌ಸಿಕ್ ಭಿತ್ತಿಪತ್ರಕ್ಕೆ ಅಡ್ಡವಾಗಿ ನಿಂತು ಹೆಂಡತಿಯನ್ನು ಮುಂದೆ ಬಿಟ್ಟ. ಅವಳು ಯಾರದೋ ಬಣ್ಣದ ಟೋಪಿ ನೋಡಿ ನಗುತ್ತ ಹೋದಳು. ಮೊದಲನೆಯ ಗಂಡಾಂತರ ಕಳೆಯಿತು.

ನಲವತ್ತು ನಿಮಿಷ ಹತ್ತಿದಮೇಲೆ ಯಾಂಗ್‌ಸುನ್ ಅತ್ತಿತ್ತ ನೋಡಿ, ದಾರಿಯ ಪಕ್ಕದ ಹಗ್ಗದ ಬೇಲಿಯ ಕೆಳಗೆ ನುಸುಳಿದಳು. ಅವಳು ಯಾವ ಕಡೆ ಇಳಿಯುತ್ತಿದ್ದಾಳೆಂದು ನೋಡಿ ಮನ್‌ಸಿಕ್ ಅವಸರದಿಂದ ಹಿಂದೆಯೇ ನುಸುಳಿದ. ಚಪ್ಪಟೆ ಬಂಡೆಯ ಕಣಿವೆ. ಅಲ್ಲಿ ಬೇಡ, ಮೇಲೆ ಒಳ್ಳೆಯ ಮರಗಳಿವೆ ಎಂದ. ಹೋದೆರಡು ವರ್ಷ ಮೇಲೇ ಆಯ್ದದ್ದು, ಇಲ್ಲಿಗೆ ಬಂದೇ ಇಲ್ಲ, ಹದಿನೈದು ವರ್ಷದಿಂದ ಕಾಯಿ ಆಯೋಳಿಗೆ ಮರ ತೋರಿಸ್ತೀರಾ ಎಂದು ಅವಳು ಸರಸರ ಇಳಿದೇಬಿಟ್ಟಳು.

ಕಾಯಿ ಬೇಕಾದಷ್ಟಿತ್ತು. ಅವಳು ಕುಕ್ಕರುಗಾಲಲ್ಲಿ ಕೂತು ಎರಡು ಕೈಯಲ್ಲೂ ಎಲೆ ಕೆದರುತ್ತ ಬಟ್ಟೆಯ ಚೀಲ ತುಂಬತೊಡಗಿದಳು. ಚೀಲದಿಂದ ಷರಾಯಿಗೆ ಸುರಿದುಕೊಳ್ಳುವ ಕೆಲಸ ಹೊರಡುವಾಗ. ಮನ್‌ಸಿಕ್ ಆಯಲಿಲ್ಲ. ಬೆನ್ನು ತಿರುಗಿಸಿ ದೊಣ್ಣೆ ಹಿಡಿದು ಪೊದೆಗಳ ಕಡೆಗೇ ನೋಡುತ್ತ ನಿಂತ. ಬಂಡೆಯ ಸುತ್ತ ಮೀನಿನ ದವಡೆಯ ಮೂಳೆಗಳು ಬಿಳಿಬಿಳಿಯಾಗಿ ಚೆಲ್ಲಿದ್ದವು. ಕಾಲಿನಿಂದ ಎಲೆ ಎಳೆದು ಮುಚ್ಚಿದ. ಒಂದನ್ನು ಮುಚ್ಚಿದರೆ ಹತ್ತು ಕಾಣುತ್ತಿದ್ದವು.

"ರೀ, ಇದೇನ್ರೀ ಇಲ್ಲಿ ಇಷ್ಟೊಂದು ಒಣಮೀನಿನ ಮೂಳೆ?" ಎಂದಳು ಯಾಂಗ್‌ಸುನ್, ಒಂದನ್ನು ಕೈಯಲ್ಲಿ ಹಿಡಿದು.

ಹತ್ತೋಕೆ ಬಂದೋರು ಹೆಂಡದ ಜೊತೆ ತಿಂದಿರಬೇಕು ಎಂದ.

"ತಲೆ ಯಾರು ತಿಂತಾರೆ?" ಎಂದು ಅವಳು ಮೂಳೆ ಎಸೆದು ಮತ್ತೆ ಆಯತೊಡಗಿದಳು. ಒಣಮೀನಿನಲ್ಲೇ ಅನ್ನ ಹುಡುಕಿದ ಹೆಂಗಸು ಅವಳು. ಆದರೂ ಅನುಮಾನ ಬರಲಿಲ್ಲ. ನಂಬಿದವರ ಕಣ್ಣು ಹಾಗೇ ಇರುತ್ತದೆ.

ನಾಯಿಗಳು ಸದ್ದಿಲ್ಲದೆ ಬಂದವು. ಬೊಗಳಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಮೊದಲು ಕಂಡದ್ದು ಕರಿಯದು, ಬಂಡೆಯ ಮೇಲೆ, ಪಕ್ಕೆಲುಬು ಎಣಿಸುವ ಹಾಗಿದ್ದ ಉದ್ದನೆಯ ನಾಯಿ. ಖಾಲಿ ಬಂಡೆ ಮೂಸಿ ತಲೆಯೆತ್ತಿ ಅವನನ್ನು ನೋಡಿತು. ಅನ್ನ ಕೊಡುತ್ತಿದ್ದ ಮನುಷ್ಯ ಅನ್ನವಿಲ್ಲದೆ ಬಂದಿದ್ದಾನೆ ಎಂಬುದು ಅದಕ್ಕೆ ಅರ್ಥವಾದ ಹಾಗಿತ್ತು. ತುಟಿ ಮೇಲೆ ಸರಿದು ಹಲ್ಲು ಕಂಡವು. ಪೊದೆಗಳಿಂದ ಎಡಗಡೆ ಎರಡು ನಾಯಿ, ಬಲಗಡೆ ಎರಡು ನಾಯಿ ಎದ್ದುನಿಂತವು. ಮನ್‌ಸಿಕ್ ಎಣಿಸಿದ. ಐದು. ಆರನೆಯದು ಎಲ್ಲಿ ಎಂದು ತಿರುಗಿ ನೋಡಿದರೆ ಅದು ಆಗಲೇ ಹೆಂಡತಿಯ ಬೆನ್ನ ಹಿಂದೆ ಮೂರು ಹೆಜ್ಜೆಯಲ್ಲಿತ್ತು.

ಮಾಂಗ್‌ಚಿ ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿ ನಡೆಯುತ್ತಿತ್ತು. ಮೂಗು ಅರಳಿಸಿ ಅವಳ ವಾಸನೆ ಹೀರುತ್ತಿತ್ತು. ಗಂಟಲಿನಿಂದ ಸಣ್ಣ ಮಗುವಿನಂಥ ಕುಂಯ್‌ಗುಟ್ಟುವ ದನಿ ಬರುತ್ತಿತ್ತು. ಯಾಂಗ್‌ಸುನ್ ಇನ್ನೂ ಬಗ್ಗಿ ಎಲೆ ಕೆದರುತ್ತಲೇ ಇದ್ದಳು.

ಆಮೇಲೆ ಮನ್‌ಸಿಕ್ ಎಲ್ಲರಿಗೂ ಹೇಳಿದ್ದು, ಅದು ಅವಳ ಮೇಲೆ ಹಾರುವುದರಲ್ಲಿತ್ತು ಎಂದು. ಸುಳ್ಳು. ಅವನು ಬಾಲ ನೋಡಿದ್ದ. ಬಾಲ ಅಲ್ಲಾಡುತ್ತಿತ್ತು. ಬರೀ ಬಾಲವಲ್ಲ, ಸೊಂಟದಿಂದ ಹಿಂದಕ್ಕೆ ಇಡೀ ನಾಯಿಯೇ ಅಲ್ಲಾಡುತ್ತಿತ್ತು. ಅದನ್ನು ಸರಿಯಾಗಿ, ಹಗಲು ಬೆಳಕಿನಲ್ಲಿ, ಎರಡೂ ಕಣ್ಣಿನಿಂದ ನೋಡಿಯೇ ಅವನು ಎರಡು ಕೈಯಲ್ಲೂ ದೊಣ್ಣೆ ಎತ್ತಿ ಬೆನ್ನಿನ ನಡುವಿಗೆ ಬೀಸಿದ.

ಒಣಗಿದ ಕೊಂಬೆ ಮುರಿದಂಥ ಸದ್ದಾಯಿತು. ನಾಯಿ ಕಿರುಚಿದ ರೀತಿಗೆ ಮೇಲಿನ ದಾರಿಯಲ್ಲಿದ್ದ ರೇಡಿಯೋಗಳೂ ನಿಂತವು. ಯಾಂಗ್‌ಸುನ್ ತಿರುಗಿದಳು. ನಾಯಿಯ ಮುಂಗಾಲು ಎರಡೂ ಅವಳ ಕಡೆಗೆ ತೆವಳುತ್ತಿದ್ದವು. ಹಿಂಗಾಲು ಎರಡೂ ಸತ್ತು ಹಿಂದೆ ಎಳೆದುಕೊಂಡು ಬರುತ್ತಿದ್ದವು. ಅವಳು ಅರ್ಧ ಕಿವಿಯನ್ನು ನೋಡಿದಳು. ಗಂಡನ ಕೈಯ ದೊಣ್ಣೆ ನೋಡಿದಳು.

"ಮಾಂಗ್‌ಚಿ," ಎಂದಳು. ಕೂಗಲಿಲ್ಲ. ಮನೆಯ ಅಂಗಳದಲ್ಲಿ ಕರೆಯುವ ಹಾಗೆ ಕರೆದಳು.

ಅವನು ಎರಡನೆಯ ಏಟಿಗೆ ಕೈ ಎತ್ತಿದ್ದ. ಅಷ್ಟರಲ್ಲಿ ಕರಿಯ ನಾಯಿ ಬಂಡೆಯಿಂದ ಹಾರಿತು. ಹಾರಿದ್ದು ಮನುಷ್ಯರ ಮೇಲಲ್ಲ. ತಮ್ಮಲ್ಲೊಂದು ಬಿದ್ದಿತು ಎಂದು ಆ ಕಿರುಚಾಟ ಅವಕ್ಕೆ ಹೇಳಿತ್ತು, ಐದು ವಾರದ ಹಸಿವು ಉಳಿದದ್ದನ್ನು ಹೇಳಿತ್ತು. ಐದೂ ಒಟ್ಟಿಗೆ ಮಾಂಗ್‌ಚಿಯ ಮೇಲೆ ಬಿದ್ದವು. ಒಂದು ತೊಡೆ ಹಿಡಿದು ಜಗ್ಗಿತು, ಒಂದು ಹೊಟ್ಟೆಗೆ ಬಾಯಿ ಹಾಕಿತು. ಕೂದಲು ಹಾರಿತು. ಮಾಂಗ್‌ಚಿ ಮುಂಗಾಲಿನ ಮೇಲೇ ಎದ್ದು ಕರಿಯದರ ಮುಸುಡಿ ಕಚ್ಚಿತು. ಬಿಡಲಿಲ್ಲ.

ಓಡು, ಮೇಲಕ್ಕೆ ಓಡು ಎಂದು ಮನ್‌ಸಿಕ್ ಅರಚಿದ. ಯಾಂಗ್‌ಸುನ್ ಓಡಿದಳು, ಆದರೆ ಮೇಲಕ್ಕಲ್ಲ. ಬರಿಗೈಯಲ್ಲಿ ಆ ಗುಂಪಿನ ನಡುವಿಗೆ ಹೋಗಿ ಒಂದರ ಹಿಂಗಾಲು ಹಿಡಿದು ಎಳೆದಳು, ಇನ್ನೊಂದರ ಮೂಗಿಗೆ ಮೊಣಕಾಲಿಂದ ಗುದ್ದಿದಳು. ಅರವತ್ತಮೂರು ವರ್ಷದ, ಮೆಟ್ಟಿಲು ಹತ್ತುವಾಗ ಅಯ್ಯೋ ಅಮ್ಮಾ ಅನ್ನುವ ಹೆಂಗಸು. ಕರಿಯ ನಾಯಿ ಮಾಂಗ್‌ಚಿಯ ಬಾಯಿಂದ ಮುಸುಡಿ ಕಿತ್ತುಕೊಂಡು ಅವಳ ಬಲಗೈ ಹಿಡಿಯಿತು. ಮೊಣಕೈಯ ಕೆಳಗೆ. ಹಿಡಿದು, ಬೆಕ್ಕುಗಳನ್ನು ಒದರಿದ ಹಾಗೆ ಒದರಿತು. ಅವಳು ನೆಲಕ್ಕೆ ಬಿದ್ದಳು. ಮೂಳೆ ಮುರಿದದ್ದು ಮನ್‌ಸಿಕ್‌ಗೆ ಕೇಳಿಸಿತು.

ಆಗ ಅವನು ಹೊಡೆದ. ಹೊಡೆದದ್ದು ಸುಳ್ಳಲ್ಲ. ಕರಿಯದರ ತಲೆಗೆ ಒಂದು, ಎರಡು, ಮೂರು ಏಟು ಹಾಕಿದ. ಕಬ್ಬಿಣದ ಬಳೆ ಕಣ್ಣಿನ ಗುಳಿಗೆ ಇಳಿದರೂ ಅದು ದವಡೆ ಬಿಡಲಿಲ್ಲ. ಇನ್ನೊಂದು ಅವನ ತೊಡೆಗೆ ಬಾಯಿ ಹಾಕಿ ಷರಾಯಿಯ ಜೊತೆಗೆ ಮಾಂಸವನ್ನೂ ಹರಿಯಿತು. ಅವನು ಅಳುತ್ತ ಹೊಡೆದ, ಬೈಯುತ್ತ ಹೊಡೆದ. ಏಳನೆಯ ಏಟಿಗೋ ಎಂಟನೆಯ ಏಟಿಗೋ ಕರಿಯದರ ತಲೆಬುರುಡೆ ಒಳಕ್ಕೆ ಹೋಗಿ ಅದು ಅವಳ ಕೈಯನ್ನು ಬಾಯಲ್ಲಿಟ್ಟುಕೊಂಡೇ ಸತ್ತಿತು. ಅಷ್ಟರಲ್ಲಿ ಮೇಲಿನಿಂದ ಚಾರಣಿಗರ ಗುಂಪೊಂದು ಶಿಳ್ಳೆ ಊದುತ್ತ, ಉಕ್ಕಿನ ಲೋಟ ಬಡಿಯುತ್ತ, ಕಲ್ಲು ಬೀರುತ್ತ ಇಳಿದು ಬಂತು. ಉಳಿದ ನಾಲ್ಕು ಪೊದೆಗೆ ನುಗ್ಗಿ ಕಾಣೆಯಾದವು.

ಚಾರಣಿಗರಲ್ಲಿ ಒಬ್ಬಾಕೆ, ನೇರಳೆ ಉಡುಪಿನವಳು, ದವಡೆ ಬಿಡಿಸಿ ತನ್ನ ಕೊರಳ ಬಟ್ಟೆಯಿಂದ ಯಾಂಗ್‌ಸುನ್‌ಳ ತೋಳನ್ನು ಬಿಗಿದು ಕಟ್ಟಿದಳು. ಕೈ ಮುಂಗೈಯಿಂದ ಮೇಲೆ ತೆರೆದುಕೊಂಡಿತ್ತು, ಒಳಗಿನ ಬಿಳಿ ಕಾಣುತ್ತಿತ್ತು. ಇನ್ನೊಬ್ಬ ಫೋನ್ ಮಾಡಿದ. ಮತ್ತೊಬ್ಬ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದ. ಮನ್‌ಸಿಕ್ ಹೆಂಡತಿಯ ಪಕ್ಕದಲ್ಲಿ ಕುಸಿದು ಕೂತು, ಆಯ್ತು, ಎಲ್ಲ ಆಯ್ತು, ಹೆದರಬೇಡ ಎಂದ.

ಯಾಂಗ್‌ಸುನ್ ಎಡಗೈಯಿಂದ ಓಕ್ ಕಾಯಿಯ ಚೀಲ ಎಳೆದುಕೊಂಡಳು. ಮೂರು ನಾಲ್ಕು ಕಿಲೋ ತೂಕವಿತ್ತು. ಬಾಯಿ ಹಿಡಿದು, ಕೂತಲ್ಲಿಂದಲೇ ಬೀಸಿ, ಅವನ ಮುಖಕ್ಕೆ ಹೊಡೆದಳು. ತುಟಿ ಒಡೆಯಿತು. ಕಾಯಿಗಳು ಚೆಲ್ಲಾಪಿಲ್ಲಿಯಾಗಿ ಇಳಿಜಾರಿನಲ್ಲಿ ಉರುಳಿದವು. ನೇರಳೆ ಉಡುಪಿನವಳು ಹೆದರಿ ಹಿಂದೆ ಸರಿದಳು.

"ಬಾಲ ನೋಡಿದ್ರಾ?" ಎಂದಳು ಯಾಂಗ್‌ಸುನ್.

ಹಿಂದಿನಿಂದ ಬಂತು, ಹಾರೋದರಲ್ಲಿತ್ತು ಎಂದೆಲ್ಲ ಅವನು ತೊದಲಿದ.

"ಬಾಲ ನೋಡಿದ್ರಾ ಅಂದೆ."

ಅವಳು ತಲೆ ತಿರುಗಿಸಿ ಎಲೆಗಳ ನಡುವಿನ ಮೀನಿನ ಮೂಳೆಗಳನ್ನು ನೋಡಿದಳು. ಬಂಡೆಯ ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದಳು. ಎರಡೂವರೆ ವರ್ಷದ ತಲೆಗಳು. ಅವಳು ಇನ್ನೇನನ್ನೂ ಕೇಳಬೇಕಾಗಿರಲಿಲ್ಲ, ಕೇಳಲೂ ಇಲ್ಲ.

ಅರ್ಧ ಗಂಟೆಯಲ್ಲಿ ಡೋಲಿ ಹಿಡಿದ ರಕ್ಷಣಾ ಪಡೆಯ ಇಬ್ಬರು ಹುಡುಗರು ಬಂದರು. ಅವರ ಜೊತೆಗೆ ಉದ್ಯಾನದವರು ಕರೆಸಿದ ನಾಯಿ ಹಿಡಿಯುವವನೊಬ್ಬ ಬಂದ, ತಾಕ್ ಎಂದು ಹೆಸರು, ನರೆತ ಗಡ್ಡದ ಮನುಷ್ಯ. ಹುಡುಗರು ಯಾಂಗ್‌ಸುನ್‌ಳನ್ನು ಡೋಲಿಯಲ್ಲಿ ಮಲಗಿಸಿ ಪಟ್ಟಿ ಬಿಗಿದರು. ತಾಕ್ ಸತ್ತ ಕರಿಯ ನಾಯಿಯನ್ನು ಕಾಲಿನಿಂದ ಸರಿಸಿ ಮಾಂಗ್‌ಚಿಯ ಪಕ್ಕ ಮಂಡಿಯೂರಿದ. ಅದು ಇನ್ನೂ ಸತ್ತಿರಲಿಲ್ಲ. ಹೊಟ್ಟೆ ಹರಿದಿತ್ತು, ಹಿಂದಿನ ಅರ್ಧ ಮೈ ಕಲ್ಲಾಗಿತ್ತು, ಕಣ್ಣು ಮಾತ್ರ ಡೋಲಿಯ ಕಡೆಗೇ ಇತ್ತು. ತಾಕ್ ಅದರ ಕುತ್ತಿಗೆಯ ಕೂದಲು ಬಿಡಿಸಿ ನೋಡಿದ. ಕೆಂಪು ಕೊರಳಪಟ್ಟಿಯೊಂದು ಮಾಂಸದೊಳಗೆ ಹೂತುಹೋಗಿತ್ತು, ಅದರ ಮೇಲೆ ಚರ್ಮ ಬೆಳೆದು ಕೀವು ಕಟ್ಟಿತ್ತು.

"ಯಾರೋ ಸಾಕಿದ ನಾಯಿ ಇದು," ಎಂದ ತಾಕ್, ನಿಂತಿದ್ದವರನ್ನೆಲ್ಲ ನೋಡುತ್ತ. "ಬದುಕಲ್ಲ, ಬಿಡಿ. ಸೂಜಿ ಹಾಕ್ತೀನಿ. ಇಲ್ಲಿ ಇದರ ಮನೆಯವರು ಯಾರಾದರೂ ಇದ್ರೆ ಬಂದು ತಲೆ ಹಿಡ್ಕೊಳ್ಳಿ. ಹೆದರ್ಕೊಂಡು ಸಾಯೋದು ಬೇಡ."

ಯಾಂಗ್‌ಸುನ್ ಡೋಲಿಯಿಂದ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳೇ ಹೇಳಬಹುದಿತ್ತು. ಹೇಳಲಿಲ್ಲ. ಅವನಿಗೆ ಬಿಟ್ಟಿದ್ದಳು. ಕೈ ಹೋದರೂ, ತೋಟದ ಕತೆ ಹೋದರೂ, ಈ ಒಂದು ಮಾತನ್ನು ಅವನ ಬಾಯಿಂದ ಕೇಳಿದರೆ ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಂಡಾಳೇನೋ ಎಂಬಂತಿತ್ತು ಆ ನೋಟ. ಅದು ಅವನಿಗೂ ಅರ್ಥವಾಯಿತು.

ಆದರೆ ಸುತ್ತ ಎಂಟು ಜನ ನಿಂತಿದ್ದರು, ಒಬ್ಬನ ಫೋನು ಇನ್ನೂ ಚಿತ್ರ ಹಿಡಿಯುತ್ತಿತ್ತು. ನನ್ನದು ಎಂದರೆ ಒಂಬತ್ತು ಬೆಕ್ಕುಗಳ ಪಾಪ ಅವನದು, ಮೀನಖಂಡ ಹೋದವನ ಹೊಣೆ ಅವನದು, ನಾಳೆ ಬಹುಮಹಡಿಯ ಲಿಫ್ಟಿನಲ್ಲಿ ಎಲ್ಲರೂ ನೋಡುವ ಮುಖ ಅವನದು. ಮನ್‌ಸಿಕ್ ಒಡೆದ ತುಟಿ ಒರೆಸಿಕೊಂಡ. ತಾಕ್ ಅವನನ್ನೇ ನೇರವಾಗಿ ಕೇಳಿದ, ನಿಮಗೇನಾದ್ರೂ ಗುರುತಿದೆಯಾ ಯಜಮಾನ್ರೇ ಎಂದು.

"ಗೊತ್ತಿಲ್ಲ," ಎಂದ ಮನ್‌ಸಿಕ್. "ಯಾವುದೋ ಕಾಡುನಾಯಿ."

ಅವನ ದನಿ ಕೇಳಿ ಮಾಂಗ್‌ಚಿಯ ಬಾಯಿ ಸ್ವಲ್ಪ ತೆರೆಯಿತು. ಯಾಂಗ್‌ಸುನ್ ಎದೆಯ ಪಟ್ಟಿಯನ್ನು ಎಡಗೈಯಿಂದ ಬಿಚ್ಚತೊಡಗಿದಳು. ರಕ್ಷಣಾ ಪಡೆಯ ಹುಡುಗ, ಅಜ್ಜೀ, ಏಳಬಾರದು, ರಕ್ತ ನಿಲ್ಲಲ್ಲ ಎಂದು ಭುಜ ಹಿಡಿದ. ಅವಳು ಅವನ ಕೈ ಕೊಡವಿ, ಡೋಲಿಯಿಂದ ಒಂದು ಕಾಲು ಇಳಿಸಿ, ಆಮೇಲೆ ಇನ್ನೊಂದು ಇಳಿಸಿ, ಎಲೆಗಳ ಮೇಲೆ ಕೂತೇ ತೆವಳಿ ನಾಯಿಯ ಹತ್ತಿರ ಹೋದಳು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನನ್ನದು," ಎಂದಳು ತಾಕ್‌ಗೆ. ನಮ್ಮದು ಎನ್ನಲಿಲ್ಲ. "ನೀವು ಹಾಕಿ."

ತಾಕ್ ಸೂಜಿ ಹಾಕಿದ. ಅವಳು ಅರ್ಧ ಕಿವಿಯ ಬುಡ ತುರಿಸುತ್ತ ಏನೋ ಹೇಳುತ್ತಿದ್ದಳು, ದನಿ ಯಾರಿಗೂ ಕೇಳಿಸಲಿಲ್ಲ. ಎರಡು ನಿಮಿಷ ಬೇಕಾಯಿತು. ಆಮೇಲೆ ಅವಳೇ ತಲೆಯನ್ನು ಕೆಳಗಿಟ್ಟಳು. ಹುಡುಗರು ಅವಳನ್ನು ಎತ್ತಿ ಮತ್ತೆ ಡೋಲಿಯಲ್ಲಿ ಮಲಗಿಸಿದರು. ಬಣ್ಣವೆಲ್ಲ ಇಳಿದು ಅವಳ ಮುಖ ಸುಣ್ಣವಾಗಿತ್ತು.

ಇನ್ನು ತಡಮಾಡಬಾರದು, ಆಸ್ಪತ್ರೆಯಲ್ಲಿ ಕೈಯ ಶಸ್ತ್ರಚಿಕಿತ್ಸೆಗೆ ಸಹಿ ಬೇಕಾಗುತ್ತದೆ, ಮನೆಯವರೊಬ್ಬರು ಆಂಬುಲೆನ್ಸಿನಲ್ಲಿ ಬರಬೇಕು ಎಂದ ದೊಡ್ಡ ಹುಡುಗ. ಮನ್‌ಸಿಕ್ ಕುಂಟುತ್ತ ಮುಂದೆ ಬಂದ. ತೊಡೆಯಿಂದ ರಕ್ತ ಬೂಟಿನವರೆಗೆ ಇಳಿದಿತ್ತು. ದೊಣ್ಣೆ ಇನ್ನೂ ಕೈಯಲ್ಲೇ ಇತ್ತು, ಅದರ ತುದಿಗೆ ಹಳದಿ ಕೂದಲೂ ಕರಿ ಕೂದಲೂ ಅಂಟಿಕೊಂಡಿದ್ದವು.

"ಅಜ್ಜೀ, ಇವರು ನಿಮ್ಮ ಯಜಮಾನ್ರಾ?" ಎಂದು ಕೇಳಿದ ಹುಡುಗ.

ಯಾಂಗ್‌ಸುನ್ ಕಣ್ಣು ತೆರೆದು ಗಂಡನನ್ನು ನೋಡಿದಳು. ಅವಸರ ಮಾಡಲಿಲ್ಲ. ಒಡೆದ ತುಟಿ, ದೊಣ್ಣೆ, ನರೆತ ತಲೆ, ಎಲ್ಲವನ್ನೂ ನೋಡಿದಳು.

"ಗೊತ್ತಿಲ್ಲ," ಎಂದಳು. "ಯಾರೋ."

ಹುಡುಗನಿಗೆ ಗೊಂದಲವಾಯಿತು. ಮನ್‌ಸಿಕ್‌ನನ್ನೂ ದೊಣ್ಣೆಯನ್ನೂ ಒಮ್ಮೆ ನೋಡಿ, ಅವನ ಎದೆಗೆ ಅಡ್ಡವಾಗಿ ಕೈಯಿಟ್ಟು, ಸ್ವಲ್ಪ ಹಿಂದೆ ನಿಲ್ಲಿ ಎಂದ. ನೇರಳೆ ಉಡುಪಿನವಳು ನಾನು ಹೋಗುತ್ತೇನೆಂದು ಯಾಂಗ್‌ಸುನ್‌ಳ ಕಳಚಿಬಿದ್ದಿದ್ದ ಬೂಟು ಎತ್ತಿಕೊಂಡಳು. ಡೋಲಿ ಹಗ್ಗದ ಬೇಲಿ ದಾಟಿ ದಾರಿಗೆ ಸೇರಿತು. ಮನ್‌ಸಿಕ್ ಎರಡು ಸಲ ಹೆಂಡತಿಯ ಹೆಸರು ಹಿಡಿದು ಕರೆದ. ಅವಳು ತಿರುಗಿ ನೋಡಲಿಲ್ಲ.